ಪ್ರೊಬೇಷನ್ ವರದಿ ಬರೆಯುವ ಮುನ್ನ ಮನೆಗೆ ಹೋಗಿ ಬನ್ನಿ

ನ್ಯಾಯಾಲಯದಿಂದ ಬರುವ ಪತ್ರ ಚಿಕ್ಕದು: ಇಂತಹ ಪ್ರಕರಣದ ಇಂತಹವನ ನಡತೆ, ಮನೆಯ ಪರಿಸ್ಥಿತಿ ವಿಚಾರಿಸಿ ಇಷ್ಟರೊಳಗೆ ವರದಿ ಸಲ್ಲಿಸಿ. ಕೆಲಸಕ್ಕೆ ಹೊಸದಾಗಿ ಸೇರಿದವರು ಹಳೆಯ ವರದಿಯೊಂದನ್ನು ಎದುರಿಗಿಟ್ಟುಕೊಂಡು ಹೆಸರು ಬದಲಿಸಲು ಕೂರುತ್ತಾರೆ. ‘ಸಭ್ಯ ಕುಟುಂಬ, ನಡತೆ ತೃಪ್ತಿಕರ, ಬಿಡುಗಡೆಗೆ ಯೋಗ್ಯ.’ ಪರಿವೀಕ್ಷಣಾಧಿಕಾರಿಯಾಗಿ, ಅಂದರೆ ಪ್ರೊಬೇಷನ್ ಅಧಿಕಾರಿಯಾಗಿ, ದುಡಿದು ನಿವೃತ್ತಳಾಗಿದ್ದರೂ ಈ ಸಾಲು ಕಂಡರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಇದನ್ನು ಓದಿದ ನ್ಯಾಯಾಧೀಶರಿಗೆ ಏನು ತಿಳಿಯಿತು? ಏನೂ ಇಲ್ಲ.

ಮೊದಲು ಕಡತ ಓದಿ. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯ 4ನೇ ಕಲಂ, ತಪ್ಪಿತಸ್ಥನನ್ನು ಜೈಲಿಗೆ ಕಳುಹಿಸದೆ ಸನ್ನಡತೆಯ ಮುಚ್ಚಳಿಕೆ (ಬಾಂಡ್) ಬರೆಸಿಕೊಂಡು ಬಿಡಲು ಅವಕಾಶ ಕೊಡುತ್ತದೆ; ಅದು ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ವಿಧಿಸಬಹುದಾದ ಅಪರಾಧಗಳಿಗೆ ಅನ್ವಯಿಸುವುದಿಲ್ಲ. ವಯಸ್ಸು 21ಕ್ಕಿಂತ ಕಡಿಮೆಯಿದ್ದರೆ 6ನೇ ಕಲಂ ಬರುತ್ತದೆ. ಅಲ್ಲಿ ಜೈಲಿಗೆ ಕಳುಹಿಸುವುದಾದರೆ ನ್ಯಾಯಾಧೀಶರು ಕಾರಣ ಬರೆಯಬೇಕು, ಅದಕ್ಕೂ ಮೊದಲು ನಿಮ್ಮ ವರದಿ ತರಿಸಿಕೊಳ್ಳಬೇಕು. ಆ ವಯಸ್ಸು ಅಪರಾಧ ನಡೆದ ದಿನದ್ದಲ್ಲ, ತಪ್ಪಿತಸ್ಥ ಎಂದು ವಿಚಾರಣಾ ನ್ಯಾಯಾಲಯ ತೀರ್ಮಾನಿಸಿದ ದಿನದ್ದು. ಸುಪ್ರೀಂ ಕೋರ್ಟ್ ಇದನ್ನು 1962ರಷ್ಟು ಹಿಂದೆಯೇ ಹೇಳಿದೆ. ಆದ್ದರಿಂದ ಶಾಲೆಯ ವರ್ಗಾವಣೆ ಪತ್ರವನ್ನು ಕಣ್ಣಾರೆ ನೋಡಿ. ಹದಿನೆಂಟು ತುಂಬದ ಮಕ್ಕಳ ವಿಷಯ ಬೇರೆ. ಅದಕ್ಕೆ ಬಾಲನ್ಯಾಯ ಕಾಯ್ದೆಯ ಸಾಮಾಜಿಕ ತನಿಖಾ ವರದಿಯಿದೆ.

ಇನ್ನು ಮನೆ. ಪೊಲೀಸ್ ಜೀಪಿನಲ್ಲಿ ಹೋಗಬೇಡಿ. ಪಂಚಾಯಿತಿ ಅಧ್ಯಕ್ಷರ ಜಗಲಿಯಲ್ಲಿ ಚಹಾ ಕುಡಿಯುತ್ತಾ ಕುಳಿತು ಎಲ್ಲರನ್ನೂ ಅಲ್ಲಿಗೇ ಕರೆಸಲೂಬೇಡಿ. ಅಲ್ಲಿ ಜನ ಅಧ್ಯಕ್ಷರಿಗೆ ಒಪ್ಪುವ ಮಾತನ್ನೇ ಆಡುತ್ತಾರೆ. ಕೂಲಿಗೆ ಹೋದವರು ಮರಳುವ ಸಂಜೆಯ ಹೊತ್ತು ಒಳ್ಳೆಯದು. ತಾಯಿಯೊಂದಿಗೆ ಬೇರೆಯಾಗಿ ಮಾತನಾಡಿ. ಗಂಡನ ಎದುರಿಗೆ ‘ನಮ್ಮ ಹುಡುಗ ಚಿನ್ನದಂಥವನು’ ಎನ್ನುವವಳೇ ಅಡುಗೆಮನೆಯಲ್ಲಿ, ಅವನು ಕುಡಿಯಲು ಕಲಿತದ್ದು ಯಾವಾಗ, ಸಂಘದ ಸಾಲದ ಕಂತು ತಪ್ಪಿದ್ದು ಯಾವಾಗ ಎಂದು ಹೇಳುತ್ತಾಳೆ. ಹುಡುಗನನ್ನು ‘ಏಕೆ ಮಾಡಿದೆ?’ ಎಂದು ಶುರುಮಾಡಬೇಡಿ; ವಕೀಲರು ಕಲಿಸಿದ ಉತ್ತರ ಸಿದ್ಧವಿರುತ್ತದೆ. ಬೆಳಿಗ್ಗೆ ಎದ್ದಾಗಿನಿಂದ ರಾತ್ರಿಯವರೆಗೆ ಏನು ಮಾಡುತ್ತೀ ಎಂದು ಕೇಳಿ. ಗ್ಯಾರೇಜಿನಲ್ಲಿ ಕೆಲಸ ಎಂದರೆ ಗ್ಯಾರೇಜಿಗೆ ಹೋಗಿ, ಪ್ರಕರಣ ಗೊತ್ತಿದ್ದೂ ಅವನನ್ನು ಕೆಲಸಕ್ಕೆ ಇಟ್ಟುಕೊಳ್ಳುತ್ತೀರಾ ಎಂದು ಮಾಲೀಕರಿಂದಲೇ ತಿಳಿದುಕೊಳ್ಳಿ.

ಊರಿನಲ್ಲಿ ಒಂದೇ ಕೇರಿಯ ಮಾತು ನಂಬಿ ಬರೆದರೆ ವರದಿ ಒಂಟೆತ್ತಿನ ಗಾಡಿಯಾಗುತ್ತದೆ. ಒಂದು ಬೈಕ್ ಕಳವಿನ ಪ್ರಕರಣದಲ್ಲಿ ಮೇಲಿನ ಕೇರಿಯವರೆಲ್ಲ ಹುಡುಗನನ್ನು ‘ಹುಟ್ಟುಕಳ್ಳ’ ಎಂದರು. ಕೇಳುತ್ತಾ ಹೋದಂತೆ, ಅವನ ಮನೆಯವರು ಮೇಲಿನ ಕೇರಿಯವರ ಹೊಲದ ಕೆಲಸ ಬಿಟ್ಟು ಇಟ್ಟಿಗೆ ಭಟ್ಟಿಗೆ ಹೋಗತೊಡಗಿದ್ದೇ ಸಿಟ್ಟಿಗೆ ಮೂಲವೆಂದು ತಿಳಿಯಿತು. ಯಾರು ಹೇಳಿದರು, ಅವರಿಗೂ ಈ ಕುಟುಂಬಕ್ಕೂ ಏನು ಸಂಬಂಧ ಎರಡನ್ನೂ ಬರೆಯಿರಿ. ಠಾಣೆಯ ದಾಖಲೆಗಳಲ್ಲಿ ಬಾಕಿ ಪ್ರಕರಣ ಬೇರೆ, ಶಿಕ್ಷೆಯಾದ ಪ್ರಕರಣ ಬೇರೆ, ಬೆರೆಸಬೇಡಿ. ನಷ್ಟ ಅನುಭವಿಸಿದವರ ಮನೆಗೂ ಹೋಗಿ. 5ನೇ ಕಲಂ ಪ್ರಕಾರ ನ್ಯಾಯಾಲಯ ಪರಿಹಾರ ಕೊಡಿಸಬಹುದು. ಬೈಕಿಲ್ಲದೆ ಹಾಲಿನ ವ್ಯಾಪಾರ ನಿಂತಿತೆಂದು ಒಬ್ಬರು ಹೇಳಿದರೆ ಅದು ವರದಿಯಲ್ಲಿರಬೇಕಾದ ಮಾತು.

ಬರೆಯುವಾಗ ವಿಶೇಷಣ ಬಿಟ್ಟು ಕಂಡದ್ದನ್ನು ಹೇಳಿ. ‘ಬಡ ಕುಟುಂಬ’ ಬೇಡ. ಯಾರು ದುಡಿಯುತ್ತಾರೆ, ಎಷ್ಟು ಬರುತ್ತದೆ, ಎಷ್ಟು ಸಾಲವಿದೆ ಎಂದು ಬರೆಯಿರಿ. ತೀರ್ಪಿನ ಸರಿತಪ್ಪು ಚರ್ಚಿಸಬೇಡಿ, ಅದು ಮುಗಿದ ಅಧ್ಯಾಯ. ಪ್ರತಿಕೂಲ ಸಂಗತಿಯನ್ನು ಅನುಕಂಪಕ್ಕೆ ಮುಚ್ಚಿಡಲೂಬೇಡಿ: ಹೊರಬಂದು ಅದೇ ಗುಂಪಿಗೆ ಸೇರುವ ಸಂಭವವಿದ್ದರೆ ಹಾಗೆಂದೇ ಹೇಳಿ.

ಕಬ್ಬು ಕಡಿಯಲು ಮಂಡ್ಯದ ಕಡೆಗೋ ಮಹಾರಾಷ್ಟ್ರಕ್ಕೋ ಗುಳೆ ಹೋಗುವ ತಾಂಡಾದವರ ಬಗ್ಗೆ ‘ಸ್ಥಿರ ವಾಸವಿಲ್ಲ’ ಎಂದು ಷರಾ ಬರೆದು ಕೈತೊಳೆದುಕೊಳ್ಳುವವರನ್ನು ಕಂಡಿದ್ದೇನೆ. ಕಾಯ್ದೆಯನ್ನು ಪೂರ್ತಿ ಓದಿ. ಆ ನ್ಯಾಯಾಲಯದ ವ್ಯಾಪ್ತಿಯಲ್ಲಿ ಜಾಮೀನುದಾರನಿಗೆ ಸ್ಥಿರ ವಾಸವೋ ಕಾಯಂ ಉದ್ಯೋಗವೋ ಇದ್ದರೂ ಸಾಕು. ಊರಿನಲ್ಲೇ ಇರುವ ಸೋದರಮಾವ ಜಾಮೀನು ನಿಲ್ಲಲು ಒಪ್ಪುತ್ತಾನೆಯೇ ಎಂದು ಕೇಳಿ ಬನ್ನಿ.

ಕೊನೆಗೆ ಶಿಫಾರಸು. ಮುಚ್ಚಳಿಕೆಯ ಅವಧಿ ಮೂರು ವರ್ಷ ಮೀರುವಂತಿಲ್ಲ. ಮೇಲ್ವಿಚಾರಣೆ ಬೇಕೆಂದರೆ ಅದು ಒಂದು ವರ್ಷಕ್ಕಿಂತ ಕಡಿಮೆಯಿರುವಂತಿಲ್ಲ. ಷರತ್ತುಗಳು ಪಾಲಿಸಲು ಆಗುವಂತಿರಲಿ. ವಾರಕ್ಕೊಮ್ಮೆ ಜಿಲ್ಲಾ ಕೇಂದ್ರಕ್ಕೆ ಬಂದು ಹೋಗುವುದೆಂದರೆ ಕೂಲಿಯವನಿಗೆ ಒಂದು ದಿನದ ದುಡಿಮೆ, ಮೇಲೆ ಬಸ್ ಖರ್ಚು. ಅವನು ತಪ್ಪಿಸುತ್ತಾನೆ, ಆಗ ಮೂಲ ಅಪರಾಧಕ್ಕೇ ಶಿಕ್ಷೆಯಾಗಬಹುದು.

ವರದಿ ಗೋಪ್ಯ. ಪ್ರತಿ ಕೇಳಿಕೊಂಡು ಯಾವ ಕಡೆಯ ವಕೀಲರು ಬಂದರೂ ಕೊಡಬೇಡಿ. ಅದರ ಸಾರಾಂಶವನ್ನು ಅಪರಾಧಿಗೆ ತಿಳಿಸಿ ಅವನ ಉತ್ತರ ಪಡೆಯುವ ಅಧಿಕಾರ 7ನೇ ಕಲಂ ಪ್ರಕಾರ ನ್ಯಾಯಾಲಯದ್ದು. ಮೊಹರು ಮಾಡಿದ ಲಕೋಟೆಯಲ್ಲಿ, ಶಿಕ್ಷೆಯ ಪ್ರಮಾಣದ ವಿಚಾರಣೆಗೆ ಮೊದಲೇ ತಲುಪಿಸಿ. ಕ್ಷೇತ್ರ ಭೇಟಿಯ ಟಿಪ್ಪಣಿ ಪುಸ್ತಕವನ್ನು ಮಾತ್ರ ಎಸೆಯಬೇಡಿ, ನ್ಯಾಯಾಧೀಶರು ಕರೆಸಿ ಪ್ರಶ್ನೆ ಕೇಳಿದಾಗ ಬೇಕಾಗುತ್ತದೆ.