ಮೇ ತಿಂಗಳಲ್ಲಿ ಇಷ್ಟವಾದ ಮನೆ, ಜೂನ್‌ನಲ್ಲಿ ಬೇಡವಾಯಿತು

ಮದುವೆಯಾಗಿ ಎರಡು ತಿಂಗಳಿಗೆ ಬಾಡಿಗೆ ಮನೆ ಹುಡುಕಲು ಶುರು ಮಾಡಿದೆವು. ನನಗೆ ಕೆಲಸ ಮಡಿಕೇರಿಯಲ್ಲಿ, ಇವರಿಗೆ ಕುಶಾಲನಗರದಲ್ಲಿ, ನಡುವೆ ಸುಮಾರು 30 ಕಿಲೋಮೀಟರ್. ಕುಶಾಲನಗರದಲ್ಲಿ ಮಳೆ ಕಡಿಮೆ, ನೆಲ ಸಮತಟ್ಟು, ಹಾಗಾಗಿ ಮೊದಲು ಅಲ್ಲೇ ನೋಡಿದೆವು. ಆದರೆ ನಮ್ಮ ದುಡ್ಡಿಗೆ ಸಿಕ್ಕಿದ್ದು ಹೊಳೆ ಹತ್ತಿರದ ಮನೆ. 2018ರಲ್ಲೂ 2019ರಲ್ಲೂ ಕಾವೇರಿ ಉಕ್ಕಿ ಅಲ್ಲಿನ ಬಡಾವಣೆಗಳಿಗೆ ನುಗ್ಗಿತ್ತು. ನೀರು ಎಲ್ಲಿವರೆಗೆ ಬಂದಿತ್ತು ಅಂತ ಎದುರು ಮನೆಯವರು ಗೋಡೆ ಮೇಲೆ ಕೈಯಿಟ್ಟು ತೋರಿಸಿದರು, ನನ್ನ ಸೊಂಟಕ್ಕಿಂತ ಮೇಲೆ. ಅಲ್ಲಿಗೆ ಕುಶಾಲನಗರದ ಆಸೆ ಬಿಟ್ಟೆವು.

ಮೇ ಕೊನೆಯಲ್ಲಿ ಮಡಿಕೇರಿಯ ಇಳಿಜಾರಿನಲ್ಲಿ ಒಂದು ಮನೆ ಸಿಕ್ಕಿತು. ಕಿಟಕಿ ತೆಗೆದರೆ ಬೆಟ್ಟದ ಸಾಲು, ಹೊಸ ಪೇಂಟು, ಬಾಡಿಗೆ 9 ಸಾವಿರ. ಅಡ್ವಾನ್ಸ್ ಕೊಟ್ಟೇ ಬಿಡೋಣ ಅಂದರು ಇವರು. ನಾನು ಅಮ್ಮನಿಗೆ ಫೋನ್ ಮಾಡಿದೆ. "ಮಳೆ ಹಿಡಿದ ಮೇಲೆ ಇನ್ನೊಂದ್ಸಲ ಹೋಗಿ ನೋಡಿ. ಮುಂದಿನ ಬಾಗಿಲಲ್ಲ, ಹಿಂದಿನ ಬರೆ ನೋಡಬೇಕು" ಅಂದರು. ಬರೆ ಅಂದರೆ ಗುಡ್ಡ ಕಡಿದು ಮನೆಗೆ ಜಾಗ ಮಾಡಿದಾಗ ಹಿಂದೆ ಉಳಿಯುವ ಕಡಿದಾದ ಮಣ್ಣಿನ ಗೋಡೆ.

ಜೂನ್ ಮೂರನೇ ವಾರ ಕೊಡೆ ಹಿಡಿದು ಮನೆ ಹಿಂದಕ್ಕೆ ಹೋದೆವು. ಎರಡಾಳೆತ್ತರದ ಬರೆ. ಅದಕ್ಕೆ ಕಟ್ಟಿದ ತಡೆಗೋಡೆಯಲ್ಲಿ ನೀರು ಹೊರಬರಲು ಒಂದು ಪೈಪೂ ಇಟ್ಟಿರಲಿಲ್ಲ, ದಾರಿ ಸಿಗದ ನೀರು ಬಿರುಕಿನಲ್ಲಿ ಒಸರುತ್ತಿತ್ತು. ಬೆರಳಿಟ್ಟು ನೋಡಿದೆ, ಕೆಂಪು ಕೆಸರು ಹತ್ತಿತು. ತಿಳಿನೀರು ಬಂದರೆ ಅಷ್ಟು ಹೆದರಬೇಕಿಲ್ಲ. ಮಣ್ಣು ಕಲಸಿಕೊಂಡು ಬಂದರೆ ಗೋಡೆ ಹಿಂದಿನ ಮಣ್ಣು ಕರಗಿ ಹೋಗುತ್ತಿದೆ ಅಂತಲೇ ಅರ್ಥ. ಬರೆ ಮೇಲಿದ್ದ ಸಿಲ್ವರ್ ಮರವೂ ಈ ಮನೆ ಕಡೆಗೇ ವಾಲಿತ್ತು. ಒಳಗೆ ಗೋಡೆ ಕಪಾಟಿನ ಬಾಗಿಲು ತೆಗೆದರೆ ಹೊಸ ಪೇಂಟಿನ ಮೇಲೆ ಆಗಲೇ ಬೂಷ್ಟು. 2018ರ ಆಗಸ್ಟಿನಲ್ಲಿ ಇಂದಿರಾನಗರ, ಚಾಮುಂಡೇಶ್ವರಿ ನಗರದ ಕಡೆ ಬರೆ ಕುಸಿದಾಗ ಮನೆ ಬಿಟ್ಟು ಬಂದವರನ್ನು ಹತ್ತಿರದಿಂದ ಕಂಡವಳು ನಾನು. ಕಿಟಕಿಯಾಚೆ ಎಷ್ಟೇ ಚೆಂದ ಕಂಡರೂ ರಾತ್ರಿ ನಿದ್ದೆ ಬರಬೇಕಲ್ವಾ?

ಆಮೇಲೆ ನೋಡಿದ್ದು ಮಹದೇವಪೇಟೆ ಹತ್ತಿರದ ಹಳೇ ಮನೆ, ಎರಡೇ ರೂಮು, ಕಿಟಕಿಯಿಂದ ಕಾಣೋದು ಪಕ್ಕದವರ ಗೋಡೆ. ಈ ಸಲ ಮೂರು ಹೊತ್ತು ಹೋದೆವು. ರಾತ್ರಿ ಎಂಟು ಗಂಟೆಗೆ ನಾನೊಬ್ಬಳೇ ಬಸ್ ಸ್ಟ್ಯಾಂಡಿನಿಂದ ನಡೆದು ಬಂದೆ, ಯಾಕೆಂದರೆ ಕೆಲವು ದಿನ ಹಾಗೇ ಬರಬೇಕಾಗುತ್ತದೆ. ಬೀದಿ ದೀಪ ಉರಿಯುತ್ತಿತ್ತು, ತಿರುವಿನ ದಿನಸಿ ಅಂಗಡಿ ತೆರೆದಿತ್ತು. ಶನಿವಾರ ಮಧ್ಯಾಹ್ನ ಪ್ರವಾಸಿಗರ ಕಾರು ಎಷ್ಟು ನಿಲ್ಲುತ್ತವೆ ನೋಡಿದೆವು. ಒಂದು ಬೆಳಿಗ್ಗೆ ಸುಮ್ನೆ ಗೇಟಿನ ಹತ್ತಿರ ನಿಂತಿದ್ದಾಗ ಪಕ್ಕದ ಮನೆ ಅಜ್ಜಿ "ಯಾರ ಮನೆಗೆ ಮಗಳೇ?" ಅಂತ ಮಾತಿಗೆ ಬಂದರು.

ಮನೆ ತೋರಿಸಿದವರು ಹೇಳದ್ದನ್ನೆಲ್ಲ ಆ ಅಜ್ಜಿ ಹತ್ತು ನಿಮಿಷದಲ್ಲಿ ಹೇಳಿದರು. ಬೇಸಿಗೆಯಲ್ಲಿ ನಲ್ಲಿ ನೀರು ದಿನಾ ಬರಲ್ಲ, ಒಂದು ದೊಡ್ಡ ಡ್ರಮ್ ಇಟ್ಟುಕೊಳ್ಳಿ. ಕರೆಂಟ್ ಹೋದರೆ ಬೇಗ ಬರುತ್ತೆ. ಹಿತ್ತಿಲ ಶೀಟಿನ ಕೆಳಗೆ ಹಗ್ಗ ಕಟ್ಟಿದರೆ ಬಟ್ಟೆ ಎರಡು ದಿನಕ್ಕೆ ಒಣಗುತ್ತೆ. ಮಡಿಕೇರಿ ಮಳೆಗಾಲಕ್ಕೆ ಎರಡು ದಿನ ಅಂದರೆ ಬೇಗವೇ. ಹಿಂದಿನ ಬರೆ ನನ್ನ ಎದೆ ಮಟ್ಟದ್ದು, ತಡೆಗೋಡೆಯಲ್ಲಿ ಪೈಪುಗಳಿದ್ದವು, ಕೆಳಗೆ ಚರಂಡಿ ಹರಿಯುತ್ತಿತ್ತು. ಬಾಡಿಗೆ ಸಾವಿರ ಜಾಸ್ತಿ. ಆದರೆ ಶುಕ್ರವಾರದ ಸಂತೆಗೆ ನಡೆದೇ ಹೋಗಬಹುದು, ಆಟೋ ದುಡ್ಡು ಉಳಿಯುತ್ತದೆ. ಇವರಿಗೆ ಆ ಬೆಟ್ಟದ ಕಿಟಕಿ ಬಿಡಲು ಬೇಸರವಿತ್ತು, ನನಗೂ ಇತ್ತು. ಆದರೂ ಅಡ್ವಾನ್ಸ್ ಇಲ್ಲಿಗೇ ಕೊಟ್ಟೆವು.

ಹೋದ ವಾರ ಮೂರು ದಿನ ಬಿಡದೆ ಸುರಿಯಿತು. ಇವರ ಬಸ್ಸು ಒಂದು ಗಂಟೆ ತಡವಾಯಿತು. ಕಾಯುತ್ತಾ ಕೂರಲಾಗದೆ ಟಾರ್ಚ್ ಹಿಡಿದು ಹಿತ್ತಿಲಿಗೆ ಹೋಗಿ ಒಂದೊಂದೇ ಪೈಪಿಗೆ ಬೆಳಕು ಬಿಟ್ಟು ನೋಡಿದೆ. ಎಲ್ಲದರಲ್ಲೂ ತಿಳಿನೀರೇ ಬರುತ್ತಿತ್ತು.