ಹಳೇ ಬೈಕ್ ಬಿಚ್ಚಿ ಕಟ್ಟಿದ್ದು: ಪೇಂಟಿಗೆ ಅವಸರ ಮಾಡಿದ ಕಥೆ

ನಾನು ಮಾಡಿದ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು ಸಲವೂ ಓಡಿಸಿ ನೋಡದೆ ಬೈಕಿಗೆ ಪೇಂಟ್ ಹೊಡೆದುಬಿಟ್ಟೆ.

ಬಿಚ್ಚಿ ಹೊಸ ರೂಪ ಕೊಡೋಣ ಅಂತ ಕೊಂಡಿದ್ದು ಹಳೇ 150 ಸಿಸಿ ಬೈಕು. ಸೀಟು ಹರಿದಿತ್ತು, ಸೈಡ್ ಪ್ಯಾನೆಲ್ ಇರಲಿಲ್ಲ. ಹೇಗಿದ್ದರೂ ಎಸೆಯುವ ಸಾಮಾನು, ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ನೋಡಿದ್ದು ಎರಡೇ. ಎಂಜಿನ್ನಿನಲ್ಲಿ ಕೆಟ್ಟ ಸದ್ದು ಇರಬಾರದು. ಎಂಜಿನ್ ನಂಬರ್, ಚಾಸಿಸ್ ನಂಬರ್ ದಾಖಲೆಗೆ ತಾಳೆಯಾಗಬೇಕು.

ಬಿಚ್ಚುವ ಮುಂಚೆ ಪ್ರತಿ ವೈರಿನ ಫೋಟೋ ತೆಗೆದುಕೊಂಡೆ. ಎಂಜಿನ್ ಕವರಿನ ಸ್ಕ್ರೂಗಳು ಜೀವ ತಿಂದವು. ತಿರುಗಿಸಿದಷ್ಟೂ ತಲೆ ಸವೆಯುತ್ತಿತ್ತು. ಜಪಾನಿ ವಿನ್ಯಾಸದ ಬೈಕುಗಳಲ್ಲಿ ಇರುವುದು ಜೆಐಎಸ್, ಅಂದರೆ ಜಪಾನಿನದೇ ಅಳತೆಯ ಸ್ಕ್ರೂ. ನೋಡೋಕೆ ಮಾಮೂಲಿ ಸ್ಟಾರ್ ಥರವೇ, ಆದರೆ ಮಾಮೂಲಿ ಸ್ಟಾರ್ ಬಿಟ್ (ಫಿಲಿಪ್ಸ್) ಅದರೊಳಗೆ ಸರಿಯಾಗಿ ಕೂರುವುದಿಲ್ಲ. ಜೆಐಎಸ್ ಬಿಟ್ ತಂದು, ಇಂಪ್ಯಾಕ್ಟ್ ಡ್ರೈವರಿಗೆ (ಹೊಡೆದರೆ ತಿರುಗುವ ಸ್ಕ್ರೂಡ್ರೈವರ್) ಸಿಕ್ಕಿಸಿ ಸುತ್ತಿಗೆಯಲ್ಲಿ ಒಂದೇಟು ಕೊಟ್ಟೆ. ಟಕ್ ಅಂತ ಸಡಿಲವಾಯಿತು.

ಸೀಟು ಹೊರುವ ಹಿಂದಿನ ಚೌಕಟ್ಟು, ಅಂದರೆ ಸಬ್‌ಫ್ರೇಮ್ ಗಿಡ್ಡ ಮಾಡಿ, ಕುದುರೆ ಲಾಳದ ಹಾಗೆ ಬಗ್ಗಿಸಿದ ಪೈಪು ಕೂರಿಸಿದೆ. ಬ್ಯಾಟರಿ, ಸಿಡಿಐ (ಪ್ಲಗ್ಗಿಗೆ ಕಿಡಿ ಕೊಡಿಸುವ ಎಲೆಕ್ಟ್ರಾನಿಕ್ ಡಬ್ಬಿ) ಎರಡನ್ನೂ ತೆಗೆದಿಟ್ಟೇ ವೆಲ್ಡಿಂಗ್ ಮಾಡಿಸಿದ್ದು. ಚಪ್ಪಟೆ ಸೀಟು, ಮೊಟಕು ಬಾಲ, ಮ್ಯಾಟ್ ಕಪ್ಪು ಪೇಂಟು. ಸ್ಟ್ಯಾಂಡ್ ಮೇಲೆ ನಿಂತಾಗ ನೋಡೋಕೆ ಏನು ಚೆಂದ ಅಂತೀರಿ!

ಮೊದಲ ಗುಂಡಿ ಸಿಕ್ಕಿದ ತಕ್ಷಣ ಜರ್ರ್ ಅಂದಿತು. ಶಾಕ್ ಅಬ್ಸಾರ್ಬರ್ ಕುಗ್ಗಿದಾಗ ಟೈರು ಮೇಲೆದ್ದು ಆ ಲಾಳಕ್ಕೇ ಉಜ್ಜಿತ್ತು. ಟೇಲ್ ಲೈಟಿನ ವೈರು ಅದರಡಿಯಲ್ಲೇ ಹೋಗಿತ್ತಲ್ಲ, ಸಿಪ್ಪೆ ಸುಲಿದು ತಾಮ್ರ ಹೊಳೆಯುತ್ತಿತ್ತು. ಫ್ಯೂಸ್ ಹೋಗಿ ಬೈಕ್ ಅಲ್ಲೇ ನಿಂತಿತು. ಫ್ಯೂಸ್ ಹಾಕದೇ ಇದ್ದಿದ್ದರೆ ವೈರಿಂಗೇ ಸುಡುತ್ತಿತ್ತು.

ಪೇಂಟ್ ಉಜ್ಜಿ, ವೆಲ್ಡಿಂಗ್ ಕತ್ತರಿಸಿ, ಮತ್ತೆ ಶುರು. ಈ ಸಲ ಶಾಕ್ ಅಬ್ಸಾರ್ಬರಿನ ಸ್ಪ್ರಿಂಗ್ ತೆಗೆದು, ಬರೀ ಒಳಗಿನ ಎಣ್ಣೆ ಕೊಳವೆ, ಅಂದರೆ ಡ್ಯಾಂಪರ್ ಮಾತ್ರ ಹಾಕಿದೆ. ಅದು ಪೂರ್ತಿ ಕುಗ್ಗುವ ತನಕ ಚಕ್ರ ಎತ್ತಿ ನೋಡಿದೆ. ಟೈರು ಎಲ್ಲಿಗೆ ಬರುತ್ತದೆ ಅಂತ ಕಣ್ಣಿಗೇ ಕಾಣುತ್ತದೆ. ಚೈನ್ ಟೈಟ್ ಮಾಡಿದಷ್ಟೂ ಚಕ್ರ ಹಿಂದಕ್ಕೆ ಸರಿಯುತ್ತದೆ, ಅದಕ್ಕೂ ಜಾಗ ಬಿಟ್ಟೆ. ಲಾಳವನ್ನು 40 ಮಿಲಿಮೀಟರ್ ಎತ್ತಬೇಕಾಯಿತು. ಅಂದುಕೊಂಡಷ್ಟು ಸ್ಟೈಲಾಗಿ ಕಾಣಲ್ಲ, ಆದರೆ ಉಜ್ಜಲ್ಲ.

ಏರ್ ಫಿಲ್ಟರ್ ಡಬ್ಬಿ ತೆಗೆದು ಕೋನ್ ಫಿಲ್ಟರ್ ಹಾಕಿದ್ದು ಇನ್ನೊಂದು ತಲೆನೋವು. ಗಾಳಿ ಜಾಸ್ತಿ, ಪೆಟ್ರೋಲ್ ಸಾಲದು. ಆಕ್ಸಲರೇಟರ್ ತಿರುಗಿಸಿದರೆ ಮಿಸ್ ಹೊಡೆಯುತ್ತಿತ್ತು, ಪ್ಲಗ್ ಬಿಚ್ಚಿದರೆ ಸುಣ್ಣದ ಹಾಗೆ ಬಿಳಿ. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಹಾಯುವ ತೂತಿನ ಬಿಡಿಭಾಗ, ಅಂದರೆ ಮೇನ್ ಜೆಟ್ ಒಂದೊಂದೇ ಸೈಜ್ ದೊಡ್ಡದು ಮಾಡುತ್ತಾ ಹೋದೆ. ಮೂರನೆಯದಕ್ಕೆ ಪ್ಲಗ್ ಕಾಫಿಪುಡಿ ಬಣ್ಣಕ್ಕೆ ಬಂತು, ಅಂದರೆ ಮಿಶ್ರಣ ಸರಿ. ಸುಮ್ನೆ ಹಳೇ ಡಬ್ಬಿಯನ್ನೇ ಉಳಿಸಿಕೊಂಡಿದ್ದರೆ ಇದ್ಯಾವುದೂ ಇರುತ್ತಿರಲಿಲ್ಲ, ಅಲ್ವಾ?

ಎಲ್‌ಇಡಿ ಇಂಡಿಕೇಟರ್ ಪಟಪಟ ಅಂತ ಹೊಡೆದುಕೊಳ್ಳುತ್ತಿತ್ತು. ಇಂಡಿಕೇಟರ್ ಮಿನುಗಿಸುವ ಹಳೇ ಫ್ಲ್ಯಾಷರಿಗೆ ಅದು ಎಳೆಯುವ ಕರೆಂಟ್ ಸಾಲದು. ಎಲೆಕ್ಟ್ರಾನಿಕ್ ಫ್ಲ್ಯಾಷರ್ ಹಾಕಿದ ಮೇಲೆ ಸರಿಹೋಯಿತು. ಹ್ಯಾಂಡಲ್ ಎಡಕ್ಕೆ ತಿರುಗಿಸಿದಾಗ ಎಂಜಿನ್ ತಾನಾಗಿ ರೇಸ್ ಆಗುತ್ತಿತ್ತು. ಆಕ್ಸಲರೇಟರ್ ಕೇಬಲ್ ಎಳೆಯುತ್ತಿದೆ ಅಂತ ಗೊತ್ತಾಗಿ, ಅದನ್ನು ಬೇರೆ ದಾರಿಯಲ್ಲಿ ಹಾಯಿಸಿದೆ.

ಎರಡನೇ ಸಲ ಪೇಂಟ್ ಹೊಡೆಯುವ ಮುಂಚೆ ಹದಿನೈದು ದಿನ ಬರೀ ಲೋಹದಲ್ಲೇ ಓಡಿಸಿದೆ. ಸಂಜೆ ಬಂದು ಎಣ್ಣೆ ಬಟ್ಟೆಯಲ್ಲಿ ಒರೆಸಿಡುತ್ತಿದ್ದೆ. ಆಮೇಲೆ ಬಿಚ್ಚಿ ಹಿಂಭಾಗಕ್ಕೆ ಪೇಂಟ್ ಹೊಡೆದೆ. ಅಷ್ಟರಲ್ಲಿ ಮೊದಲಿನ ಡಬ್ಬಿ ಖಾಲಿಯಾಗಿತ್ತು, ಹೊಸ ಡಬ್ಬಿಯ ಕಪ್ಪು ಒಂದು ಚೂರು ಬೇರೆ. ಬಿಸಿಲಲ್ಲಿ ನಿಲ್ಲಿಸಿದರೆ ಟ್ಯಾಂಕೇ ಒಂದು ಬಣ್ಣ, ಹಿಂಭಾಗವೇ ಇನ್ನೊಂದು.