ಘಟ್ಟದ ಕಡಿತಕ್ಕೆ ಸಿಮ್ಯುಲೇಶನ್ ಆಧರಿಸಿ ತಡೆಬೇಲಿ ಹಾಕಿದ್ದು: ನನ್ನ ಅನುಭವ

ಶಿರಾಡಿ ಘಾಟಿಯಲ್ಲಿ ಸುಮಾರು 40 ಮೀಟರ್ ಎತ್ತರ, 200 ಮೀಟರ್ ಉದ್ದದ ಒಂದು ರಸ್ತೆ ಕಡಿತವಿದೆ, ಅಂದರೆ ರಸ್ತೆಗಾಗಿ ಗುಡ್ಡ ಕಡಿದ ಇಳಿಜಾರು; ಅಲ್ಲಿಂದ ಕಲ್ಲುಗಳು ಉರುಳುತ್ತವೆ. ಇಳಿಜಾರಿನ ಉದ್ದಗಲಕ್ಕೂ ಬಲೆ ಹೊದಿಸಲೇಬೇಕೆಂದು ಎಲ್ಲರೂ ಹೇಳುತ್ತಿದ್ದಾಗ, ಬುಡದಲ್ಲಿ ಅಗಲವಾದ ಕಾಲುವೆಯೂ ಅದರಾಚೆ ಮೂರು ಮೀಟರ್ ಎತ್ತರದ ತಡೆಬೇಲಿಯೂ ಸಾಕೆಂದು, ಕಲ್ಲು ಉರುಳುವ ಬಗೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡುವ ಸಿಮ್ಯುಲೇಶನ್ ಆಧರಿಸಿ ನಾನು ವಾದಿಸಿದೆ. ಕಂಪ್ಯೂಟರಿನಲ್ಲಿ ಉರುಳಿಸಿದ ಕಲ್ಲನ್ನು ನಂಬಿ ರಸ್ತೆ ಕಾಯಲಾದೀತೇ ಎಂದು ಸಭೆಯಲ್ಲೇ ಕೇಳಿದರು. ಬೇಲಿ ನಿಂತ ಮೇಲೆ ಮಳೆಗಾಲಗಳು ಕಳೆದಿವೆ, ರಸ್ತೆಗೆ ಒಂದು ಕಲ್ಲೂ ಬಂದಿಲ್ಲ.

ಆರಂಭದ ಫಲಿತಾಂಶಗಳು ಯಾವುದಕ್ಕೂ ಉಪಯೋಗವಾಗಲಿಲ್ಲ. ಬಡಿದ ಮೇಲೆ ಕಲ್ಲಿನ ವೇಗದಲ್ಲಿ ಎಷ್ಟು ಪಾಲು ಉಳಿಯುತ್ತದೆ ಎಂದು ಹೇಳುವ ಸಂಖ್ಯೆಗಳೇ ಪುಟಿತ ಗುಣಾಂಕಗಳು. ಬರಿಬಂಡೆಗೆ ರೂಢಿಯಂತೆ ನೆಲಕ್ಕೆ ಲಂಬವಾಗಿ 0.35, ನೆಲದುದ್ದಕ್ಕೆ 0.85 ಕೊಟ್ಟರೆ ಕಲ್ಲುಗಳು ರಸ್ತೆ ದಾಟಿ ಕಣಿವೆಗೆ ಹಾರುತ್ತಿದ್ದವು. ಸ್ಥಳದಲ್ಲಿ ಅಂಥ ಕುರುಹೇ ಇರಲಿಲ್ಲ. ಡ್ರೋನ್ ಸರ್ವೆಯಲ್ಲಿ ಪೊದೆಗಳು ನೆಲದೊಂದಿಗೆ ಬೆರೆತು, ಇಳಿಜಾರಿನ ನಡುವೆ ಕಡಿದ ಮೆಟ್ಟಿಲಿನಂಥ ಸಮತಟ್ಟಿನ ಅಂಚು ಸವೆದಂತೆ ಮೂಡಿತ್ತು. ಕಲ್ಲು ಗಾಳಿಗೆ ಚಿಮ್ಮುವುದು ಆ ಅಂಚಿನಿಂದಲೇ ಆದ್ದರಿಂದ ಖರ್ಚು ಮಾಡಿ ಮತ್ತೆ ಅಳೆಸಬೇಕಾಯಿತು.

ರಸ್ತೆ ಮುಚ್ಚಿಸಿ, ಕಲ್ಲುಗಳಿಗೆ ಹಸಿ ಸುಣ್ಣ ಬಳಿದು ಮೇಲಿನಿಂದ ಬಿಟ್ಟೆವು. ಬಡಿದಲ್ಲೆಲ್ಲ ಬಿಳಿ ಗುರುತು ಉಳಿಯಿತು. ಒಂದು ಗುರುತಿನಿಂದ ಮುಂದಿನದಕ್ಕೆ ಟೇಪು ಹಿಡಿದರೆ ನೆಗೆತದ ಉದ್ದ ಸಿಗುತ್ತಿತ್ತು. ಅದಕ್ಕೆ ಹೊಂದುವವರೆಗೆ ಗುಣಾಂಕಗಳನ್ನು ತಿದ್ದಿದೆ. ಬುಡದ ಕೆಂಪು ಮಣ್ಣಿಗೆ ಮಳೆಗಾಲದ ಮೌಲ್ಯವನ್ನು ಹೇಗೆ ಕಂಡುಕೊಂಡೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಕುತೂಹಲಕ್ಕೆಂದು ಕಲ್ಲಿನ ಆಕಾರವನ್ನೂ ಲೆಕ್ಕಕ್ಕೆ ಹಿಡಿಯುವ ಮಾದರಿಯನ್ನು ಓಡಿಸಿದೆ: ಚಪ್ಪಟೆ ಕಲ್ಲು ಅಂಚಿನ ಮೇಲೆ ನಿಂತರೆ ಗಾಲಿಯಂತೆ ಉರುಳಿ, ಪಕ್ಕಕ್ಕೂ ತಿರುಗಿ, ದುಂಡುಕಲ್ಲಿಗಿಂತ ದೂರ ಹೋಗಬಲ್ಲದು. ಬೇಲಿಯನ್ನು ಎರಡೂ ತುದಿಗೆ ಒಂದಿಷ್ಟು ಉದ್ದ ಮಾಡಿದ್ದು ಇದರಿಂದಲೇ.

ಒಂದು ಮೀಟರ್ ವ್ಯಾಸದ ನೈಸ್ (gneiss ಎಂಬ ಗಟ್ಟಿ ಶಿಲೆ) ಬಂಡೆ ಸುಮಾರು 1.4 ಟನ್ ತೂಗುತ್ತದೆ. ಸಿಮ್ಯುಲೇಶನ್‌ನಲ್ಲಿ ನೂರರಲ್ಲಿ ತೊಂಬತ್ತೈದು ಕಲ್ಲುಗಳ ಹೊಡೆತದ ಶಕ್ತಿ ಬೇಲಿಯ ಬಳಿ 300 ಕಿಲೋಜೌಲ್ ಒಳಗೇ ಇತ್ತು. ಹೀಗಿರುವಾಗ ಗರಿಷ್ಠ 500 ಕಿಲೋಜೌಲ್ ತಡೆಯುವ ಬೇಲಿ ಸಾಕೆಂದು ಗುತ್ತಿಗೆದಾರರು ಪಟ್ಟು ಹಿಡಿದರು. ಆದರೆ ಯುರೋಪಿನ ಪರೀಕ್ಷಾ ಪದ್ಧತಿಯಲ್ಲಿ ಬೇಲಿ ದುರಸ್ತಿಯಿಲ್ಲದೆ ಎರಡು ಸಲ ತಡೆಯಬೇಕಾದದ್ದು ಅದರ ಗರಿಷ್ಠ ಶಕ್ತಿಯ ಮೂರನೇ ಒಂದು ಭಾಗವನ್ನು ಮಾತ್ರ; ಆಷಾಢದ ಮಳೆಯಲ್ಲಿ ಅಲ್ಲಿ ದುರಸ್ತಿ ಆಗದ ಮಾತು. ಹಾಗಾಗಿ 1000ದ ವರ್ಗವನ್ನೇ ಹಾಕಿಸಿದೆ. ಪೆಟ್ಟು ಬಿದ್ದಾಗ ಬೇಲಿ ರಸ್ತೆಯತ್ತ ಮೀಟರುಗಟ್ಟಲೆ ಉಬ್ಬುವುದರಿಂದ ಅಷ್ಟು ಜಾಗವನ್ನೂ ಬಿಡಿಸಿದೆ. ಇಷ್ಟಾದರೂ, ಬಲೆಗೆ ಹೇಳಿದ್ದ ಸುಮಾರು ಮೂರು ಕೋಟಿಯ ಅರ್ಧದಷ್ಟರಲ್ಲಿ ಕೆಲಸ ಮುಗಿಯಿತು.

ಕಾಲುವೆ ಅರ್ಧ ತುಂಬಿದೆಯೆಂದು ಲೆಕ್ಕ ಹಾಕಿದಾಗ ಕೆಲವು ಕಲ್ಲುಗಳು ಬೇಲಿಯನ್ನೇ ಹಾರಿದವು. ಆ ಚಿತ್ರವನ್ನು ತೋರಿಸಿಯೇ, ಪ್ರತಿ ಮೇ ತಿಂಗಳಲ್ಲಿ ಹೂಳು ತೆಗೆಸುವ ಹಣವನ್ನು ಅಂದಾಜುಪಟ್ಟಿಗೆ ಸೇರಿಸಿದೆ.